ನೀರಿನ ವರದಿ ಯಾರ ಕೈ ಸೇರಬೇಕು?



 ಕುಡಿಯುವ ನೀರಿನ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆ ಬಹುಮಟ್ಟಿಗೆ ನೀರು ಬಂತೇ, ಎಷ್ಟು ದಿನಕ್ಕೊಮ್ಮೆ ಬಂತು, ಎಷ್ಟು ಹೊತ್ತು ಬಂತು ಎಂಬಲ್ಲಿಗೆ ನಿಲ್ಲುತ್ತದೆ. ಬಂದ ನೀರು ಕುಡಿಯಲು ಯೋಗ್ಯವೇ ಎಂಬ ಪ್ರಶ್ನೆ ಎದ್ದಾಗಲೂ ಶುದ್ಧೀಕರಣ ಘಟಕದ ಸಾಮರ್ಥ್ಯ, ಪೈಪುಗಳ ವಯಸ್ಸು, ಅನುದಾನದ ಕೊರತೆ ಇವನ್ನೇ ಕುರಿತು ಚರ್ಚಿಸುತ್ತೇವೆ. ಇವೆಲ್ಲ ನಿಜವಾದ ತೊಡಕುಗಳೇ. ಆದರೆ ಇವಕ್ಕಿಂತ ಮೊದಲು ಕೇಳಬೇಕಾದದ್ದು ಬೇರೊಂದಿದೆ: ನೀರಿನ ಪರೀಕ್ಷೆಯ ಫಲಿತಾಂಶ ಯಾರ ಕೈ ಸೇರುತ್ತದೆ? ನೀರು ಬಿಡುವ ಸಂಸ್ಥೆಯೇ ಮಾದರಿ ತೆಗೆದು, ತಾನೇ ವರದಿ ತರಿಸಿಕೊಂಡು, ಅದನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂದು ತಾನೇ ತೀರ್ಮಾನಿಸುವ ಊರಿನಲ್ಲಿ ಎಷ್ಟು ಒಳ್ಳೆಯ ಯಂತ್ರವಿದ್ದರೂ ಜನರಿಗೆ ರಕ್ಷಣೆಯಿಲ್ಲ ಎಂಬುದು ನನ್ನ ವಾದ. ಕೆಟ್ಟ ಫಲಿತಾಂಶವು ನೀರನ್ನು ನಿಲ್ಲಿಸುವ ಅಧಿಕಾರವುಳ್ಳ ಹೊರಗಿನವರಿಗೂ ಕುಡಿಯುವ ಜನರಿಗೂ ಅದೇ ದಿನ ತಲುಪುವುದನ್ನು ಕಾನೂನು ಕಡ್ಡಾಯ ಮಾಡಬೇಕು. ಈ ವಾದಕ್ಕೆ ಆಧಾರವಾಗಿ ಕೆನಡಾದ ಒಂದು ಸಣ್ಣ ಊರಿನ ಸಂಗತಿಯನ್ನು ವಿವರವಾಗಿ ನೋಡೋಣ. ಅಲ್ಲಿ ಏನಾಯಿತು, ಏಕಾಯಿತು ಎಂಬುದನ್ನು ಒಂದು ನ್ಯಾಯಾಂಗ ವಿಚಾರಣೆ ಎಳೆ ಎಳೆಯಾಗಿ ಬಿಡಿಸಿಟ್ಟಿದೆ.

ಊರಿನ ಹೆಸರು ವಾಕರ್ಟನ್. ಒಂಟಾರಿಯೊ ಪ್ರಾಂತ್ಯದಲ್ಲಿದೆ, ಆಗಿನ ಜನಸಂಖ್ಯೆ ಸುಮಾರು 4,800. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹಳ್ಳಿ. ಮೂರು ಬಾವಿಗಳಿಂದ ನೀರೆತ್ತಿ, ಕ್ಲೋರಿನ್ ಸೇರಿಸಿ, ಮನೆಮನೆಗೆ ಬಿಡುವ ಕೆಲಸವನ್ನು ಊರಿನ ಸಾರ್ವಜನಿಕ ಸೌಕರ್ಯಗಳ ಆಯೋಗ ನೋಡಿಕೊಳ್ಳುತ್ತಿತ್ತು. ಮೂರರಲ್ಲಿ 5 ಎಂಬ ನಂಬರಿನ ಬಾವಿ ಹೆಚ್ಚು ಆಳವಿಲ್ಲದ್ದು. ಅದಕ್ಕೆ ನೀರು ಬರುತ್ತಿದ್ದುದು ನೆಲದಿಂದ ಕೇವಲ 5ರಿಂದ 8 ಮೀಟರ್ ಆಳದ ಬಿರುಕುಬಿಟ್ಟ ಬಂಡೆಪದರದಿಂದ. 2000ನೇ ಇಸವಿಯ ಮೇ ಎರಡನೆಯ ವಾರ ಅಲ್ಲಿ ಭಾರಿ ಮಳೆ ಸುರಿಯಿತು. ಹತ್ತಿರದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದಲ್ಲಿದ್ದ ಇ. ಕೊಲಿ ಒ157 ಎಂಬ ಅಪಾಯಕಾರಿ ರೋಗಾಣು ಮಳೆನೀರಿನೊಂದಿಗೆ ಬಾವಿಗಿಳಿಯಿತು. ಆ ರೈತನದು ಏನೂ ತಪ್ಪಿರಲಿಲ್ಲ, ಒಪ್ಪಿತ ಕ್ರಮದಲ್ಲೇ ಗೊಬ್ಬರ ಹಾಕಿದ್ದ ಎಂದು ವಿಚಾರಣೆ ಸ್ಪಷ್ಟವಾಗಿ ಹೇಳಿತು. 7 ಜನ ಸತ್ತರು. 2,300ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಎಂದರೆ ಹೆಚ್ಚುಕಡಿಮೆ ಅರ್ಧ ಊರು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದವರಲ್ಲಿ ಬಹುಪಾಲು ಎಳೆಯ ಮಕ್ಕಳು.

ಇಲ್ಲಿ ಕ್ಲೋರಿನ್ನಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ದುರಂತ ಅದರಲ್ಲಿದೆ. ನೀರಿಗೆ ಹಾಕಿದ ಕ್ಲೋರಿನ್ ಮೊದಲು ಅಲ್ಲಿರುವ ಕೊಳೆಯೊಂದಿಗೆ ವರ್ತಿಸಿ ಖರ್ಚಾಗುತ್ತದೆ. ಖರ್ಚಾಗಿ ಮಿಕ್ಕದ್ದೇ ಉಳಿಕೆ ಕ್ಲೋರಿನ್. ನೀರು ಚೊಕ್ಕಟವಾಗಿದ್ದರೆ ಉಳಿಕೆ ಹೆಚ್ಚು. ಕೊಳೆ ಸೇರಿದರೆ ಅದು ದಿಢೀರನೆ ಕುಸಿಯುತ್ತದೆ. ಪ್ರಯೋಗಾಲಯದಲ್ಲಿ ರೋಗಾಣುವನ್ನು ಬೆಳೆಸಿ ನೋಡಲು ಒಂದೆರಡು ದಿನ ಬೇಕು, ಉಳಿಕೆ ಕ್ಲೋರಿನ್ ನೋಡಲು ಕೆಲವು ನಿಮಿಷ ಸಾಕು. ಹಾಗಾಗಿ ಉಳಿಕೆ ಕ್ಲೋರಿನ್ ಶುದ್ಧೀಕರಣದ ಅಳತೆ ಮಾತ್ರವಲ್ಲ, ಅಪಾಯದ ಮೊದಲ ಮುನ್ಸೂಚನೆಯೂ ಹೌದು. ಒಂಟಾರಿಯೊದ ಮಾರ್ಗಸೂಚಿ ಪ್ರಕಾರ ಹದಿನೈದು ನಿಮಿಷದ ಸಂಪರ್ಕದ ನಂತರ ಲೀಟರಿಗೆ 0.5 ಮಿಲಿಗ್ರಾಂ ಉಳಿಯಬೇಕಿತ್ತು. ವಾಕರ್ಟನ್ನಿನಲ್ಲಿ ಅಷ್ಟು ಉಳಿಯುವಷ್ಟು ಕ್ಲೋರಿನ್ ಹಾಕುತ್ತಲೇ ಇರಲಿಲ್ಲ, ಹೆಚ್ಚಿನ ದಿನ ಅಳೆಯುತ್ತಲೂ ಇರಲಿಲ್ಲ. ಆದರೆ ದಿನವಹಿ ಹಾಳೆಯಲ್ಲಿ ತಪ್ಪದೆ 0.5 ಅಥವಾ 0.75 ಎಂದು ಬರೆಯುತ್ತಿದ್ದರು. ಮಳೆ ಸುರಿದ ಆ ವಾರವೂ ಹಾಗೆಯೇ ಬರೆದರು. ದಿನಕ್ಕೊಮ್ಮೆ ಪ್ರಾಮಾಣಿಕವಾಗಿ ಅಳೆದಿದ್ದರೂ ರೋಗದ ಹರಹು ಬಹಳ ಕಡಿಮೆಯಾಗುತ್ತಿತ್ತು, ಸತತವಾಗಿ ಅಳೆಯುವ ಉಪಕರಣ ಇದ್ದಿದ್ದರೆ ರೋಗವೇ ಹರಡುತ್ತಿರಲಿಲ್ಲ ಎಂದು ವಿಚಾರಣಾ ಆಯೋಗ ಕಂಡುಕೊಂಡಿತು.

ಮುಂದಿನದು ವರದಿ ನಡೆದ ದಾರಿ. ಮೇ 15ರ ಸೋಮವಾರ ತೆಗೆದ ಮಾದರಿಗಳಲ್ಲಿ ರೋಗಾಣು ಇದೆಯೆಂದು ಖಾಸಗಿ ಪ್ರಯೋಗಾಲಯ 17ರಂದು ತಿಳಿಸಿತು. ಯಾರಿಗೆ? ಮಾದರಿ ಕಳಿಸಿದ ಊರಿನ ನೀರು ವ್ಯವಸ್ಥಾಪಕರಿಗೆ ಮಾತ್ರ. 1996ರವರೆಗೆ ಸರ್ಕಾರಿ ಪ್ರಯೋಗಾಲಯಗಳು ಈ ಪರೀಕ್ಷೆ ಮಾಡುತ್ತಿದ್ದವು, ಆಮೇಲೆ ಅದನ್ನು ಖಾಸಗಿಯವರಿಗೆ ಬಿಡಲಾಯಿತು. ಕೆಟ್ಟ ಫಲಿತಾಂಶವನ್ನು ಪರಿಸರ ಇಲಾಖೆಗೂ ಆರೋಗ್ಯಾಧಿಕಾರಿಗೂ ಕಡ್ಡಾಯವಾಗಿ ತಿಳಿಸಬೇಕೆಂಬ ನಿಯಮವನ್ನು ಮಾತ್ರ ಯಾರೂ ಮಾಡಲಿಲ್ಲ. ವರದಿ ಗ್ರಾಹಕನ ಗುಟ್ಟು ಎಂದು ಪ್ರಯೋಗಾಲಯ ಭಾವಿಸಿತು. 19ರಂದು, ಆಸ್ಪತ್ರೆಗೆ ರಕ್ತಭೇದಿಯ ಮಕ್ಕಳು ಬರತೊಡಗಿದಾಗ, ಜಿಲ್ಲಾ ಆರೋಗ್ಯ ಕಚೇರಿಯವರು ವ್ಯವಸ್ಥಾಪಕರಿಗೆ ಫೋನ್ ಮಾಡಿ ನೀರು ಹೇಗಿದೆಯೆಂದು ಕೇಳಿದರು. ಚೆನ್ನಾಗಿದೆ ಎಂದು ಉತ್ತರ ಬಂತು. ಮರುದಿನವೂ ಅದೇ ಉತ್ತರ. ಆ ಹೊತ್ತಿಗೆ ವರದಿ ಅವರ ಕೈಗೆ ಬಂದಾಗಿತ್ತು. 20ರಂದು ನೀರು ಬಿಡುವ ಸಂಸ್ಥೆಯದೇ ನೌಕರನೊಬ್ಬ ಹೆಸರು ಹೇಳದೆ ಪರಿಸರ ಇಲಾಖೆಯ ತುರ್ತು ಕೇಂದ್ರಕ್ಕೆ ಕರೆಮಾಡಿ ಮಾದರಿಗಳು ಕೆಟ್ಟಿವೆ ಎಂದು ತಿಳಿಸಿದ. 21ರ ಭಾನುವಾರ ಆರೋಗ್ಯಾಧಿಕಾರಿ ನೀರಿನ ವರದಿಗೆ ಕಾಯದೆ, ನೀರನ್ನು ಕುದಿಸಿ ಕುಡಿಯಿರಿ ಎಂದು ಸಾರಿದರು. ವರದಿ 17ರಂದೇ ಸರಿಯಾದ ಕೈ ಸೇರಿದ್ದರೆ 300ರಿಂದ 400 ಮಂದಿ ಕಾಯಿಲೆಯಿಂದ ಪಾರಾಗುತ್ತಿದ್ದರು ಎಂದು ವಿಚಾರಣಾ ಆಯೋಗ ಅಂದಾಜು ಮಾಡಿದೆ. ಒಂದು ಕಾಗದ ತಪ್ಪು ಮೇಜಿನ ಮೇಲೆ ಉಳಿದದ್ದಕ್ಕೆ ಊರು ತೆತ್ತ ಬೆಲೆ ಇದು.

ಇದೆಲ್ಲ ಇಬ್ಬರು ಅಪ್ರಾಮಾಣಿಕರ ಕತೆಯಲ್ಲವೇ, ಅವರನ್ನು ಶಿಕ್ಷಿಸಿದರೆ ಮುಗಿಯಿತಲ್ಲ ಎಂದು ಕೇಳಬಹುದು. ಶಿಕ್ಷೆಯೇನೋ ಆಯಿತು. ವ್ಯವಸ್ಥಾಪಕ ಮತ್ತು ಫೋರ್‌ಮನ್ ಆಗಿದ್ದ ಅಣ್ಣತಮ್ಮಂದಿರು 2004ರಲ್ಲಿ ತಪ್ಪೊಪ್ಪಿಕೊಂಡರು. ಒಬ್ಬರಿಗೆ ಒಂದು ವರ್ಷ ಸೆರೆವಾಸ, ಇನ್ನೊಬ್ಬರಿಗೆ ಒಂಬತ್ತು ತಿಂಗಳ ಗೃಹಬಂಧನ. ಆದರೆ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರು 2002ರಲ್ಲಿ ಎರಡು ಭಾಗಗಳಲ್ಲಿ ಕೊಟ್ಟ ವರದಿಯನ್ನು ಓದಿದವರು ಅಷ್ಟಕ್ಕೆ ತೃಪ್ತರಾಗಲಾರರು. ಇಬ್ಬರಿಗೂ ಪರೀಕ್ಷೆಯಿಲ್ಲದೆ, ಅನುಭವದ ಆಧಾರದ ಮೇಲೆ ಅರ್ಹತಾಪತ್ರ ಕೊಡಲಾಗಿತ್ತು. ಆ ನೀರು ಅಪಾಯಕಾರಿ ಎಂದು ಅವರು ನಂಬಿರಲಿಲ್ಲ, ಕ್ಲೋರಿನ್ ಸೇರಿಸದ ಬಾವಿನೀರನ್ನು ತಾವೇ ಕುಡಿಯುತ್ತಿದ್ದರು. 1998ರಲ್ಲಿ ಪರಿಸರ ಇಲಾಖೆಯ ತಪಾಸಣೆ ಕೊರತೆಗಳನ್ನು ಗುರುತಿಸಿತ್ತು. ಕಡ್ಡಾಯ ಆದೇಶದ ಬದಲು ಒಂದು ಪತ್ರ ಬರೆದು ಕೈತೊಳೆದುಕೊಂಡಿತು, ಮತ್ತೆ ತಪಾಸಣೆಗೆ ಬರಲಿಲ್ಲ. ಆ ಪತ್ರ ಊರಿನ ಚುನಾಯಿತ ಆಯೋಗದ ಸದಸ್ಯರ ಮುಂದೆಯೂ ಬಂದಿತ್ತು. ವ್ಯವಸ್ಥಾಪಕರು ಸರಿಪಡಿಸುತ್ತಾರೆಂದು ನಂಬಿ ಅವರು ಸುಮ್ಮನಾದರು. ಅದೇ ವರ್ಷಗಳಲ್ಲಿ ಪ್ರಾಂತ್ಯ ಸರ್ಕಾರ ಪರಿಸರ ಇಲಾಖೆಯ ಹಣವನ್ನೂ ಸಿಬ್ಬಂದಿಯನ್ನೂ ತೀವ್ರವಾಗಿ ಕಡಿತ ಮಾಡಿತ್ತು. ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುವುದು ಆ ದಿನವಹಿ ಹಾಳೆಗಳು. ಮಳೆಗಾಲ, ಬೇಸಿಗೆ, ಹಿಮ ಕರಗುವ ಕಾಲ ಎಲ್ಲದರಲ್ಲೂ ಅವೇ ಎರಡು ಅಂಕಿ. ನಿಜವಾಗಿ ಅಳೆದ ನೀರಿನ ಲೆಕ್ಕ ಹಾಗಿರಲು ಸಾಧ್ಯವೇ ಇಲ್ಲ. ಒಬ್ಬ ತಪಾಸಣಾಧಿಕಾರಿ ಕುಳಿತು ಓದಿದ್ದರೆ ಅರ್ಧ ಗಂಟೆಯಲ್ಲಿ ಸುಳ್ಳು ಹೊರಬೀಳುತ್ತಿತ್ತು. ಸುಳ್ಳು ಬರೆದವರು ಇಬ್ಬರು. ಅದನ್ನು ಓದಬೇಕಾಗಿಯೂ ಓದದವರು ಹಲವರು.

ಸುಳ್ಳು ಬರೆಯದ ಊರಿನಲ್ಲೂ ಇದು ಸಂಭವಿಸಬಹುದು ಎಂಬುದಕ್ಕೆ ನ್ಯೂಜಿಲೆಂಡಿನ ಹ್ಯಾವ್‌ಲಾಕ್ ನಾರ್ತ್ ಸಾಕ್ಷಿ. 2016ರ ಆಗಸ್ಟಿನಲ್ಲಿ, ಸುಮಾರು 14,000 ಜನರ ಆ ಊರಿನಲ್ಲಿ 5,000ಕ್ಕೂ ಹೆಚ್ಚು ಮಂದಿ ಕ್ಯಾಂಪಿಲೊಬ್ಯಾಕ್ಟರ್ ಎಂಬ ರೋಗಾಣುವಿನಿಂದ ಹಾಸಿಗೆ ಹಿಡಿದರು. ಕಾರಣ ಮತ್ತೆ ಭಾರಿ ಮಳೆ, ಮತ್ತೆ ಪಶುಗಳ ಮಲ (ಈ ಸಲ ಕುರಿಗಳದ್ದು), ಮತ್ತೆ ಕೊಳವೆಬಾವಿ. ಅಂತರ್ಜಲ ಶುದ್ಧವೆಂಬ ನಂಬಿಕೆಯಿಂದ ಅಲ್ಲಿ ಕ್ಲೋರಿನ್ ಹಾಕುತ್ತಲೇ ಇರಲಿಲ್ಲ. ಎರಡೂ ಊರುಗಳಲ್ಲಿದ್ದ ಕೊರತೆ ಒಂದೇ: ನೀರು ಬಿಡುವವರ ನಂಬಿಕೆಯನ್ನು ಪ್ರಶ್ನಿಸುವ ಕರ್ತವ್ಯ ಹೊತ್ತ, ಬಲವುಳ್ಳ ಹೊರಗಿನವರು ಇರಲಿಲ್ಲ.

ಒಂಟಾರಿಯೊ ವಾಕರ್ಟನ್ನಿನಿಂದ ಕಲಿತದ್ದು ದೊಡ್ಡದು. ದುರಂತ ನಡೆದ 2000ನೇ ಇಸವಿಯ ಆಗಸ್ಟಿನಲ್ಲೇ ಮಾರ್ಗಸೂಚಿಯನ್ನು ಕಡ್ಡಾಯ ನಿಯಮವಾಗಿಸಿ, ಕೆಟ್ಟ ಫಲಿತಾಂಶವನ್ನು ಆರೋಗ್ಯಾಧಿಕಾರಿಗೂ ಇಲಾಖೆಗೂ ಕೂಡಲೇ ತಿಳಿಸಬೇಕೆಂದು ವಿಧಿಸಲಾಯಿತು. 2002ರಲ್ಲಿ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ ಬಂತು. ಪ್ರಯೋಗಾಲಯಕ್ಕೆ ಪರವಾನಗಿ, ನೀರು ಬಿಡುವವರಿಗೆ ತರಬೇತಿ ಮತ್ತು ಪರೀಕ್ಷೆ, ಇಡೀ ಪ್ರಾಂತ್ಯಕ್ಕೊಬ್ಬ ಮುಖ್ಯ ತಪಾಸಣಾಧಿಕಾರಿ. ಎಲ್ಲಕ್ಕಿಂತ ಮುಖ್ಯವಾದ ಕಲಮು 2012ರ ಕೊನೆಯ ದಿನ ಜಾರಿಗೆ ಬಂತು: ಊರಿನ ನೀರಿನ ಮೇಲ್ವಿಚಾರಣೆಯಲ್ಲಿ ತಕ್ಕಷ್ಟು ಎಚ್ಚರ ವಹಿಸುವುದು ಚುನಾಯಿತ ಸದಸ್ಯರ ವೈಯಕ್ತಿಕ ಕರ್ತವ್ಯ, ಲೋಪವಾದರೆ ಅವರೂ ಕಾನೂನಿಗೆ ಉತ್ತರ ಹೇಳಬೇಕು. ನನಗೆ ಗೊತ್ತಿರಲಿಲ್ಲ, ಎಂಜಿನಿಯರ್ ನೋಡಿಕೊಳ್ಳುತ್ತಿದ್ದರು ಎಂಬ ಮಾತಿಗೆ ಅಲ್ಲೀಗ ಬೆಲೆಯಿಲ್ಲ.

ಈಗ ನಮ್ಮ ಕಡೆ ಬರೋಣ. ಭಾರತೀಯ ಮಾನಕ ಬ್ಯೂರೋದ ಐಎಸ್ 10500, 2012ರ ಪರಿಷ್ಕೃತ ರೂಪದಲ್ಲಿ, ಕುಡಿಯುವ ನೀರು ಹೇಗಿರಬೇಕೆಂದು ನಿಖರವಾಗಿ ಹೇಳುತ್ತದೆ. 100 ಮಿಲಿಲೀಟರ್ ಮಾದರಿಯಲ್ಲಿ ಇ. ಕೊಲಿ ಕಾಣಲೇಬಾರದು, ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಫ್ಲೋರೈಡ್ ಯಾವ ಸಂದರ್ಭದಲ್ಲೂ 1.5 ದಾಟಬಾರದು. ಈ ಮಾನದಂಡ ಜಗತ್ತಿನ ಯಾವುದಕ್ಕೂ ಕಡಿಮೆಯದಲ್ಲ. ಆದರೆ ನಲ್ಲಿ ನೀರಿನ ಮಟ್ಟಿಗೆ ಇದರ ಪಾಲನೆ ಕಾನೂನಿನಂತೆ ಕಡ್ಡಾಯವಲ್ಲ, ವಾಕರ್ಟನ್ ದುರಂತಕ್ಕೆ ಮುಂಚಿನ ಒಂಟಾರಿಯೊದ ಮಾರ್ಗಸೂಚಿಯ ಹಾಗೆಯೇ. ಬಾಟಲಿಯಲ್ಲಿ ತುಂಬಿ ಮಾರುವ ನೀರು 2006ರ ಆಹಾರ ಸುರಕ್ಷತಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಕೆಟ್ಟರೆ ಮಾರಿದವನ ಮೇಲೆ ಮೊಕದ್ದಮೆ ಹೂಡಬಹುದು. ಪುರಸಭೆಯ ನಲ್ಲಿಯಲ್ಲಿ ಬರುವ ನೀರಿಗೆ ಅಂಥ ಕಟ್ಟಿಲ್ಲ. ಕಾಸು ಕೊಟ್ಟು ಕೊಳ್ಳುವವನಿಗೆ ಕಾಯ್ದೆಯ ರಕ್ಷಣೆ, ನಲ್ಲಿಯನ್ನೇ ನಂಬಿದವನಿಗೆ ಬರೀ ಸಲಹೆ. ಜೀವಿಸುವ ಹಕ್ಕಿನಲ್ಲಿ ಮಾಲಿನ್ಯವಿಲ್ಲದ ನೀರಿನ ಹಕ್ಕೂ ಸೇರಿದೆಯೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದಾಗಿದೆ. ಆ ಹಕ್ಕನ್ನು ದಿನನಿತ್ಯದ ಆಡಳಿತಕ್ಕೆ ಇಳಿಸುವ ಕಾನೂನು ಇನ್ನೂ ಬಂದಿಲ್ಲ. 2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿಭೇದಿಯಿಂದ ಜನ ಸತ್ತರು. ಎರಡು ಕಡೆಯೂ ನೀರು ಸುದ್ದಿಯಾದದ್ದು ಜನ ಆಸ್ಪತ್ರೆ ಸೇರಿದ ಮೇಲೆ. ಅಮಾನತು, ಪರಿಹಾರ, ತನಿಖೆ ಎಲ್ಲ ನಡೆದವು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ನಮ್ಮ ಸಣ್ಣ ಊರುಗಳ ಪಾಡನ್ನು ಬಲ್ಲವರು ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಎತ್ತುತ್ತಾರೆ. ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಕಡೆ ಮೊದಲು ನೀರು ಕೊಡಿ, ಗುಣಮಟ್ಟದ ಮಾತು ಆಮೇಲೆ ಎನ್ನುತ್ತಾರೆ. ನೀರಿನ ಪ್ರಮಾಣ ಮತ್ತು ಗುಣ ಬೇರೆ ಬೇರೆ ಎಂಬ ಊಹೆಯ ಮೇಲೆ ಈ ಮಾತು ನಿಂತಿದೆ, ಆ ಊಹೆ ತಪ್ಪೆಂಬುದಕ್ಕೆ ಪುರಾವೆ ನಮ್ಮ ಹುಬ್ಬಳ್ಳಿ-ಧಾರವಾಡದಿಂದಲೇ ಬಂದಿದೆ. ಅಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ, ಉಳಿದವಕ್ಕೆ ಕೆಲವು ದಿನಕ್ಕೊಮ್ಮೆ ನೀರು ಬರುತ್ತಿದ್ದಾಗ ಸಂಶೋಧಕರು ಎರಡನ್ನೂ ಹೋಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿರಂತರ ಪೂರೈಕೆಯ ನಲ್ಲಿಗಳ ಮಾದರಿಗಳಲ್ಲಿ ಇ. ಕೊಲಿ ಸಿಕ್ಕಿದ್ದು ನೂರಕ್ಕೆ 0.7ರಲ್ಲಿ, ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ ನೂರಕ್ಕೆ 31.7ರಲ್ಲಿ. ಕಾರಣ ಊಹಿಸುವುದು ಕಷ್ಟವಲ್ಲ. ವಾಲ್ವ್ ಮುಚ್ಚಿದಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ. ಚರಂಡಿಯೊಳಗೆ ಹಾದುಹೋದ ಮನೆ ಸಂಪರ್ಕದ ಬಿರುಕಿನಿಂದ ಕೊಳಚೆ ಒಳಗೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಅದೇ ಮೊದಲ ಕೊಡದಲ್ಲಿ ಬರುತ್ತದೆ. ಘಟಕದಿಂದ ಹೊರಟಾಗ ಒಳ್ಳೆಯದಾಗಿದ್ದ ನೀರು ಮನೆ ತಲುಪುವ ಹೊತ್ತಿಗೆ ಕೆಟ್ಟಿರಬಹುದು. ಹಾಗಾಗಿ ಅಭಾವ ಇರುವ ಊರಿಗೇ ಪರೀಕ್ಷೆ ಹೆಚ್ಚು ಬೇಕು. ಟ್ಯಾಂಕಿನ ಬುಡದಲ್ಲಲ್ಲ, ಪೈಪಿನ ಕೊನೆಯ ಮನೆಯಲ್ಲಿ ಬೇಕು.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಕಾನೂನು ಬಿಗಿಯಾದರೆ ಸಿಕ್ಕಿಬೀಳುವವನು ಯಾರು? ಟ್ಯಾಂಕ್ ಹತ್ತಿ ಬ್ಲೀಚಿಂಗ್ ಪೌಡರ್ ಕಲಸುವ ನೀರುಗಂಟಿ, ಬೀದಿ ಬೀದಿಯ ವಾಲ್ವ್ ತಿರುಗಿಸುವ ಹೊರಗುತ್ತಿಗೆ ನೌಕರ. ಅವನಿಗೆ ಸಂಬಳ ಸರಿಯಾಗಿ ಬರುವುದಿಲ್ಲ, ತರಬೇತಿ ಇಲ್ಲ, ಪೌಡರ್ ಮುಗಿದರೆ ಹೊಸ ಚೀಲ ಯಾವಾಗ ಬರುತ್ತದೆಂದು ಗೊತ್ತಿಲ್ಲ. ಏನಾದರೂ ಆದಾಗ ಮೊದಲು ಕೆಲಸ ಕಳೆದುಕೊಳ್ಳುವವನೂ ಅವನೇ. ಈ ಆತಂಕ ನನ್ನದೂ ಹೌದು. ನಾನು ಕೇಳುತ್ತಿರುವ ವ್ಯವಸ್ಥೆ ಅವನ ಮೇಲೆ ಹೊರೆ ಹಾಕುವುದಲ್ಲ, ಅವನ ಮೇಲಿನ ಹೊರೆಯನ್ನು ಇಳಿಸುವುದು. ಪೌಡರ್ ಇಲ್ಲದ ದಿನ ಉಳಿಕೆ ಕ್ಲೋರಿನ್ ಸೊನ್ನೆ ಎಂದು ಅವನು ಬರೆದರೆ ಬೈಗುಳ ಬೀಳುತ್ತದೆ; 0.5 ಎಂದು ಬರೆದರೆ ಎಲ್ಲರಿಗೂ ನೆಮ್ಮದಿ. ನಿಜ ಬರೆದವನಿಗೆ ಶಿಕ್ಷೆಯೂ ಸುಳ್ಳು ಬರೆದವನಿಗೆ ಶಾಂತಿಯೂ ಸಿಗುವ ಕಡೆ ಪುಸ್ತಕದಲ್ಲಿ ಸುಳ್ಳೇ ತುಂಬುತ್ತದೆ. ಸೊನ್ನೆ ಬರೆದ ಹಾಳೆ ಅದೇ ಸಂಜೆ ಮುಖ್ಯಾಧಿಕಾರಿ, ಅಧ್ಯಕ್ಷರು, ತಾಲ್ಲೂಕು ಆರೋಗ್ಯಾಧಿಕಾರಿ ಮೂವರಿಗೂ ತಲುಪಿದರೆ, ಪೌಡರ್ ಏಕೆ ಇಲ್ಲವೆಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಖರೀದಿಗೆ ಸಹಿ ಹಾಕುವವರು, ನೀರುಗಂಟಿಯಲ್ಲ. ವಾಕರ್ಟನ್ನಿನಲ್ಲಿ ಹೆಸರು ಹೇಳದೆ ಕರೆ ಮಾಡಿದ ಆ ನೌಕರನನ್ನು ನೆನೆಯಿರಿ. ನಿಜ ಹೇಳಲು ಅವನು ಗುಟ್ಟಾಗಿ ಫೋನ್ ಮಾಡಬೇಕಾಯಿತು. ಅವನಂಥವರು ತಮ್ಮ ಹೆಸರು ಹಾಕಿಯೇ ನಿಜ ಬರೆಯುವಂತಾಗಬೇಕು.

ಫಲಿತಾಂಶಗಳನ್ನು ಜನರ ಮುಂದಿಟ್ಟರೆ ಗಾಬರಿ ಹಬ್ಬುತ್ತದೆ, ಅರೆಬರೆ ತಿಳಿದವರು ಗದ್ದಲ ಎಬ್ಬಿಸುತ್ತಾರೆ ಎಂಬ ಮಾತನ್ನು ಅಧಿಕಾರಿಗಳು ಮೇಲಿಂದ ಮೇಲೆ ಆಡುತ್ತಾರೆ. ಜನರನ್ನು ಹೀಗೆ ಕಡೆಗಣಿಸುವುದು ನನಗೆ ಒಪ್ಪಿಗೆಯಿಲ್ಲ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ಕಿಟ್ ಬಳಸಲು ಕಲಿಸಬೇಕೆಂಬ ಗುರಿಯನ್ನು ಸರ್ಕಾರವೇ ಹಾಕಿಕೊಂಡಿದೆ. ಹಳ್ಳಿಗಳ ನೀರಿನ ಫಲಿತಾಂಶಗಳಿಗೆ ಸಾರ್ವಜನಿಕ ಜಾಲತಾಣವೂ ಇದೆ. ಹಳ್ಳಿಯ ಹೆಣ್ಣುಮಗಳಿಗೆ ಅರ್ಥವಾಗುವ ಅಂಕಿ ಪಟ್ಟಣ ಪಂಚಾಯಿತಿಯ ನಿವಾಸಿಗೆ ಅರ್ಥವಾಗುವುದಿಲ್ಲ ಎನ್ನಲು ಯಾವ ಆಧಾರವೂ ಇಲ್ಲ. ಆ ಯೋಜನೆ ಗ್ರಾಮೀಣ ಭಾಗದ್ದಾದ್ದರಿಂದ ಸಣ್ಣ ಪಟ್ಟಣಗಳು ಅದರ ಹೊರಗೆ ಉಳಿದಿವೆ ಎಂಬುದೇ ಕೊರಗು. ಗಾಬರಿಯ ವಿಷಯಕ್ಕೆ ಬಂದರೆ, ಮೇ 21ರಂದು ವಾಕರ್ಟನ್ನಿನಲ್ಲಿ ರೇಡಿಯೋ ಮೂಲಕ ಸಾರಿದ ಎಚ್ಚರಿಕೆ ಆ ದಿನ ಮುಟ್ಟಿದ್ದು ಸುಮಾರು ಅರ್ಧ ಊರಿಗೆ ಮಾತ್ರ. ತಿಳಿದವರು ಕುದಿಸಿ ಕುಡಿದರು, ತಿಳಿಯದವರು ನಲ್ಲಿ ನೀರನ್ನೇ ಕುಡಿಯುತ್ತಲೇ ಇದ್ದರು. ಪ್ರತಿ ತಿಂಗಳೂ ನೀರಿನ ಲೆಕ್ಕ ಓದಿ ರೂಢಿಯಾದ ಊರು ಕೆಟ್ಟ ಸುದ್ದಿ ಬಂದ ದಿನ ಏನು ಮಾಡಬೇಕೆಂದು ಬಲ್ಲದು. ಏನನ್ನೂ ತಿಳಿಸದೆ ಇಟ್ಟ ಊರೇ ಗಾಬರಿಯಾಗುವುದು.

ಹೇಗೂ ಬೀದಿಗೊಂದು ಶುದ್ಧ ನೀರಿನ ಘಟಕ ಬಂದಿದೆ, ಕುಡಿಯಲು ಆ ನೀರು, ಬಳಸಲು ನಲ್ಲಿ ನೀರು, ಇಷ್ಟಕ್ಕೇಕೆ ತಲೆಕೆಡಿಸಿಕೊಳ್ಳಬೇಕು ಎನ್ನುವವರೂ ಇದ್ದಾರೆ. ಫ್ಲೋರೈಡ್ ಹೆಚ್ಚಿರುವ ಕಡೆ ಆ ಘಟಕಗಳು ಉಪಕಾರ ಮಾಡಿವೆ, ನಿಜ. ಆದರೆ ಪಾತ್ರೆ ತೊಳೆಯುವುದು, ತರಕಾರಿ ತೊಳೆಯುವುದು ನಲ್ಲಿ ನೀರಿನಲ್ಲೇ, ಮಗು ಸ್ನಾನದಲ್ಲಿ ಬಾಯಿಗೆ ತೆಗೆದುಕೊಳ್ಳುವುದೂ ಅದನ್ನೇ. ಆ ಘಟಕಗಳ ನೀರಿನ ವರದಿ ಯಾರ ಕೈ ಸೇರುತ್ತದೆಂಬ ಪ್ರಶ್ನೆಯೂ ಹಾಗೇ ಉಳಿಯುತ್ತದೆ.

ಕೊನೆಯದು ಹಣದ ಮಾತು. ಸಣ್ಣ ಪುರಸಭೆಗೆ ಪ್ರಯೋಗಾಲಯ ಕಟ್ಟುವ ಶಕ್ತಿಯಿಲ್ಲ, ಕಟ್ಟಬೇಕಾಗಿಯೂ ಇಲ್ಲ. ಕ್ಲೋರೊಸ್ಕೋಪ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ನೀರಿಗೆ ಕೆಲವು ಹನಿ ದ್ರಾವಣ ಹಾಕಿ, ಬಂದ ಹಳದಿ ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿದರೆ ಉಳಿಕೆ ಕ್ಲೋರಿನ್ ಗೊತ್ತಾಗುತ್ತದೆ. ಮಾದರಿಯನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸುವ ಏರ್ಪಾಡು ಈಗಲೂ ಇದೆ. ಹೊಸದಾಗಿ ಬೇಕಾದದ್ದು ಒಂದು ನಿಯಮ: ಪ್ರಯೋಗಾಲಯ ಕೆಟ್ಟ ಫಲಿತಾಂಶವನ್ನು ಪುರಸಭೆಗೆ ತಿಳಿಸುವಾಗಲೇ ಆರೋಗ್ಯ ಇಲಾಖೆಗೂ ತಿಳಿಸಬೇಕು, ಆ ದಿನವೇ ವಾರ್ಡಿನಲ್ಲಿ ಸಾರಬೇಕು. ಇದಕ್ಕೆ ತಗಲುವ ಖರ್ಚು ಒಂದು ಕಾಗದದ ಎರಡನೇ ಪ್ರತಿಯದ್ದು. ವಾಕರ್ಟನ್ ದುರಂತದಿಂದ ಆದ ಆರ್ಥಿಕ ನಷ್ಟವನ್ನು ಕನಿಷ್ಠ 6.45 ಕೋಟಿ ಡಾಲರ್ ಎಂದು ಲೆಕ್ಕ ಹಾಕಲಾಗಿದೆ. ಸತ್ತವರ ಮನೆಯವರ ನೋವು ಆ ಲೆಕ್ಕದಲ್ಲಿ ಸೇರಿಲ್ಲ. ನಿಯಮ ಬರುವವರೆಗೆ ಕಾಯಬೇಕಾಗಿಲ್ಲ ಕೂಡ. 2005ರ ಮಾಹಿತಿ ಹಕ್ಕು ಕಾಯ್ದೆ ಸರ್ಕಾರಿ ದಾಖಲೆಗಳನ್ನು ಪರಿಶೀಲಿಸುವ ಹಕ್ಕನ್ನು ಪ್ರತಿ ನಾಗರಿಕನಿಗೂ ಈಗಾಗಲೇ ಕೊಟ್ಟಿದೆ. ಇಲ್ಲಿ ಕುಳಿತಿರುವ ಪ್ರತಿಯೊಬ್ಬರಲ್ಲೂ ನನ್ನ ಕೋರಿಕೆ ಇಷ್ಟೇ: ಈ ತಿಂಗಳೊಳಗೆ ನಿಮ್ಮ ಊರಿನ ಪುರಸಭೆಗೋ ಪಟ್ಟಣ ಪಂಚಾಯಿತಿಗೋ ಅರ್ಜಿ ಕೊಟ್ಟು, ಕಳೆದ ಮೂರು ತಿಂಗಳ ಉಳಿಕೆ ಕ್ಲೋರಿನ್ ಪುಸ್ತಕವನ್ನೂ ಪ್ರಯೋಗಾಲಯದ ವರದಿಗಳನ್ನೂ ತೆರೆಸಿ ಓದಿ. ಪುಸ್ತಕವೇ ಇಲ್ಲದಿದ್ದರೆ, ಅಥವಾ ದಿನವೂ ಒಂದೇ ಅಂಕಿ ಬರೆದಿದ್ದರೆ, ಅದನ್ನು ಮುಖ್ಯಾಧಿಕಾರಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ನಿಮ್ಮ ವಾರ್ಡಿನ ಸದಸ್ಯರಿಗೂ ಲಿಖಿತವಾಗಿ ತಿಳಿಸಿ, ಉತ್ತರ ಬರುವವರೆಗೂ ಬಿಡಬೇಡಿ.